ಬೆರಕಿ ಮರಿ

ನಮ್ಮ ಬೇಟೆ ನಾಯಿಯ ಮರಿಗಳೆಲ್ಲ ತಾಯಿಯಂತೆಯೇ ಇದ್ದವು: ಉದ್ದ ಮೂತಿ, ಒಳಸೇರಿದ ಹೊಟ್ಟೆ, ಮೈಗಂಟಿದ ಕೂದಲು. ಬೆಳೆಯುತ್ತ ಬಂದಂತೆ ಒಂದು ಮರಿಯ ಕಿವಿ, ಬಾಲಗಳಲ್ಲಿ ಮಾತ್ರ ರೇಷ್ಮೆಯಂಥ ಉದ್ದ ಕೂದಲು ಇಳಿಬಿದ್ದಿತು.

ಗಂಡು ನಾಯಿಯನ್ನು ಹುಲಿಹೈದರದಿಂದ ನಾನೇ ತಂದು ಕೂಡಿಸಿದ್ದೆ. ಅದಕ್ಕೂ ಅಂಥ ಕೂದಲಿರಲಿಲ್ಲ. ಕುಷ್ಟಗಿಯ ನಮ್ಮ ಓಣಿಯಲ್ಲಿ, ಎದುರು ಮನೆಯವರದೊಂದು ಗಿಡ್ಡ ಕಾಲಿನ, ಉದ್ದ ಕೂದಲಿನ ಜೂಲು ನಾಯಿ ಇತ್ತು. ನಮ್ಮದು ಬೆದೆಗೆ ಬಂದಾಗ ಕಟ್ಟಿ ಕಾದವಳು ಪಕ್ಕದ ಮನೆಯ ನನ್ನ ಅಕ್ಕ. ಸರಪಳಿಯ ಕೊಂಡಿ ಸವೆದಿದೆಯೇ ಎಂದು ಮುಟ್ಟಿ ನೋಡಿದೆ. ಅವಳೇ ಬಿಟ್ಟಳೇನೋ ಎಂದು, ಅವಳು ಎದುರು ಮನೆಯವರೊಡನೆ ನಕ್ಕರೂ ಕಿವಿಗೊಟ್ಟೆ.

"ಇದು ಬೆರಕಿ," ಅಂದೆ ಒಂದು ದಿನ ಅಕ್ಕನೆದುರು. ನಮ್ಮ ಕಡೆ ಆ ಮಾತಿಗೆ ಮಿಶ್ರ ತಳಿ ಎಂದೂ ಅರ್ಥ, ಕಪಟಿ ಎಂದೂ ಅರ್ಥ.

"ಯಾರಿಗೆ ಅಂದ್ಯೋ? ಮರಿಗೋ, ನನಗೋ?"

"ನೀ ನಾಯಿ ಬಿಟ್ಟಿದ್ದಿಲ್ಲಂತ ಹೇಳು ನೋಡೋಣು."

"ಬಿಟ್ಟಿಲ್ಲೋ ಮಾರಾಯ. ಅಪ್ಪಗ ಇಲ್ಲ, ಅವ್ವಗ ಇಲ್ಲ, ನಿನಗ ಬೆಕ್ಕಿನ ಕಣ್ಣು ಎಲ್ಲಿಂದ ಬಂದ್ವು? ಅವ್ವನ್ನೂ ಹಿಂಗ ಕೇಳ್ತಿದ್ದಿ ಏನ?"

ಚಿಕ್ಕಂದಿನಲ್ಲಿ ನನ್ನ ಕಣ್ಣನ್ನು ಆಡಿಕೊಂಡವರ ಮೇಲೆ ಜಗಳಕ್ಕೆ ಬೀಳುತ್ತಿದ್ದವಳೇ ಅವಳು. ಆದರೂ ಅದು ಜಾರಿಕೊಳ್ಳುವ ಮಾತೆಂದುಕೊಂಡೆ.

ಮರಿ ಕೊಳ್ಳಲು ಬಂದವರು ಅದೊಂದನ್ನು ಕಂಡರೆ ಉಳಿದವನ್ನೂ ಬೆರಕಿ ಎಂದಾರು ಎಂಬ ಅಂಜಿಕೆ ನನಗೆ. ಅದನ್ನು ಚೀಲದಲ್ಲಿ ಒಯ್ದು ಕುಕನೂರಿನ ಸಂತೆಯಲ್ಲಿ ಯಾರಿಗೋ ಕೊಟ್ಟುಬಂದೆ. ತಪ್ಪಿಸಿಕೊಂಡಿತು ಎಂದೆ. ಅಕ್ಕ ಹೊಲ, ಹಳ್ಳ ಎಲ್ಲ ಹುಡುಕಿದಳು.

ಉಳಿದ ಮರಿಗಳಿಗೆ ಸೂಜಿ ಹಾಕಿಸಲು ಹೋದಾಗ ಆ ಮರಿಯ ಕೂದಲು, ಎದುರು ಮನೆಯ ನಾಯಿ ಎರಡನ್ನೂ ಹೇಳಿ ದನದ ಡಾಕ್ಟರನ್ನು ಕೇಳಿದೆ.

"ಉದ್ದ ಕೂದಲಿನ ಗುಣ ತಾಯಿ-ತಂದಿ ಇಬ್ಬರೊಳಗೂ ಮುಚ್ಚಿಕೊಂಡಿರಬಹುದ್ರಿ. ಎರಡೂ ಕಡಿಂದ ಒಂದ ಮರಿಗೆ ಬಂದ್ರ ಹೊರಗ ಕಾಣತೈತಿ. ಜೂಲು ನಾಯಿದಾಗಿದ್ರ ಮೂತಿ, ಕಾಲು ಗಿಡ್ಡ ಆಗ್ತಿದ್ವು. ಆಗಿದ್ವೇನ್ರಿ?"

ಆಗಿರಲಿಲ್ಲ. ಎಲ್ಲಕ್ಕಿಂತ ಉದ್ದನೆಯ ಕಾಲು ಆ ಮರಿಯದೇ. ನಾನು ಕೂದಲನ್ನಷ್ಟೇ ನೋಡಿದ್ದೆ.

"ನಿಮ್ಮ ಕಣ್ಣೂ ಹಂಗ ಬಂದಿರಬೇಕು ನೋಡ್ರಿ," ಎಂದು ಅವರು ನಕ್ಕರು.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೂ ಅಷ್ಟು ತಿಳಿಯಿತು. ಅಕ್ಕ ಮೊದಲೇ ಹೇಳಿದ್ದೂ ಅದನ್ನೇ.

"ಅಕ್ಕಾ, ಮರಿ ಕಳದಿಲ್ಲ. ನಾನ ಕೊಟ್ಟು ಬಂದೆ."

"ಯಾರಿಗೆ?"

"ಹೆಸರು ಕೇಳಲಿಲ್ಲ."

ಅವಳು ಬೈಯಲಿಲ್ಲ. ಚಪ್ಪಲಿ ಮೆಟ್ಟಿ, "ನಡಿ," ಅಂದಳು.

ಕುಕನೂರು, ಯಲಬುರ್ಗಾ, ಎಲ್ಲ ಸಂತೆ ತಿರುಗಿದ್ದೇವೆ. ಮರಿ ಇನ್ನೂ ಸಿಕ್ಕಿಲ್ಲ. ಬಸ್ಸಿನಲ್ಲಿ ಅಕ್ಕ ಪಕ್ಕದಲ್ಲೇ ಕೂತು ಮಾತಾಡುತ್ತಾಳೆ, ಬುತ್ತಿ ಬಿಚ್ಚಿ ಕೊಡುತ್ತಾಳೆ. ನನ್ನ ಕಣ್ಣನ್ನು ಮಾತ್ರ ನೋಡುವುದಿಲ್ಲ.