ಡಬ್ಬಿಗಳಿಗೆ ಪಾಳಿ ಹಚ್ಚಿದ ಉಡಚಮ್ಮ

ನವಲಿಯಲ್ಲಿ ಉಡಚಮ್ಮನ ಬಾಯಿಗೆ ಹೆದರದವರು ಇಬ್ಬರೇ: ಕಿವುಡ ಪೂಜಾರಿ ಮತ್ತು ಆಕೆಯ ಗಂಡ ಗಾಳೇಶ. ಪೂಜಾರಿಗೆ ಕೇಳಿಸುತ್ತಿರಲಿಲ್ಲ, ಗಾಳೇಶ ಕೇಳಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಸೊಂಟ ಕೈಕೊಟ್ಟ ಮೇಲೆ ಆಕೆಗೊಂದು ತಿಂಗಳ ಸಂಬಳದ ಕೆಲಸ ಸಿಕ್ಕಿತು. ಯಾವುದೋ ಕಂಪನಿ ಭತ್ತದ ಗದ್ದೆಗಳಲ್ಲಿ ನಲವತ್ತು ಡಬ್ಬಿ ನೆಟ್ಟಿತ್ತು. ಅವು ನೀರಿನ ಮಟ್ಟ ಅಳೆದು, ತಂತಿಯಿಲ್ಲದೆಯೇ ಒಂದು ಮುಖ್ಯ ಡಬ್ಬಿಗೆ ಸುದ್ದಿ ಕೊಡಬೇಕು. ಅದು ಎಲ್ಲರ ಸುದ್ದಿ ಒಟ್ಟು ಮಾಡಿ ಕಾಲುವೆ ದಂಡೆಯ ಟವರಿಗೆ ಮುಟ್ಟಿಸಬೇಕು. ಸತ್ತ ಬ್ಯಾಟರಿ ಬದಲಿಸುವುದು ಉಡಚಮ್ಮನ ಕೆಲಸ.

ಮುಖ್ಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಊರಿನ ದೊಡ್ಡ ರೈತ ಪಂಪಣ್ಣ ಎದೆ ಸೆಟೆಸಿ ಬಂದಿದ್ದ. "ಮುಖ್ಯದ್ದು ಅಂದಮ್ಯಾಲ ಅದು ನನ್ನ ಗದ್ದ್ಯಾಗ ಇರಬೇಕು." ಹಾಗೇ ಆಯಿತು. ಆತ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಬೀಗರು ಬಂದಾಗಲೆಲ್ಲ ಕರೆದೊಯ್ದು ತೋರಿಸುತ್ತಿದ್ದ. ಡಬ್ಬಿ ಮಾತ್ರ ವಾರಕ್ಕೊಮ್ಮೆ ಸಾಯುತ್ತಿತ್ತು. ಅದು ಸತ್ತರೆ ಉಳಿದ ಮೂವತ್ತೊಂಬತ್ತೂ ಮೂಕ.

ಗಂಗಾವತಿಯಿಂದ ಬರುತ್ತಿದ್ದ ಇಂಜಿನಿಯರ್ ಸಹನಾ ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು. ಇನ್ನೊಂದು ತಿಂಗಳು ಹೀಗೇ ಆದರೆ ಕಂಪನಿ ಎಲ್ಲ ಕಿತ್ತುಕೊಂಡು ಹೋಗುತ್ತದಂತೆ. ಡಬ್ಬಿಗಳ ಜೊತೆ ಉಡಚಮ್ಮನ ಸಂಬಳವೂ ಹೋದಂತೆಯೇ.

"ಅಳೆಯಾಕ ಬ್ಯಾಟರಿ ಖರ್ಚಾಗಂಗಿಲ್ಲಕ್ಕ," ಎಂದಳು ಸಹನಾ. "ಮಾತಾಡಾಕ ಖರ್ಚಾಗತೈತಿ."

"ಇದನ್ನ ನಮ್ಮನಿಯವ್ರು ಇಪ್ಪತ್ತು ವರ್ಷದಿಂದ ಹೇಳಾಕತ್ಯಾರ. ನೀವು ಇಷ್ಟಕ್ಕ ಕಾಲೇಜಿಗೆ ಹೋದ್ರೇನ್ರಿ?" ಎಂದು ಉಡಚಮ್ಮ ಸ್ವಲ್ಪ ಯೋಚಿಸಿದಳು. "ಕಾಲುವೆ ನೀರಿಗೆ ಪಾಳಿ ಐತಿ. ಇವಕ್ಯಾಕ ಇಲ್ಲ? ಇವತ್ತ ಒಂದು ಡಬ್ಬಿ ಮುಖ್ಯ ಆಗ್ಲಿ, ನಾಳಿ ಇನ್ನೊಂದು. ಉಳಿದವು ತಮ್ಮ ಸುದ್ದಿ ಹೇಳಿ ಮಲಗ್ಲಿ."

"ಕಂಪ್ಯೂಟರಿನ್ಯಾಗ ಅದು ಹತ್ತು ನಿಮಿಷದ ಕೆಲಸ. ಪಂಪಣ್ಣಾರು ಬಿಡಬೇಕಲ್ಲ? ಮುಖ್ಯದ್ದು ಕಸಗೊಂಡ್ರ ಎಲ್ಲಾ ಡಬ್ಬಿ ಕಿತ್ತು ಕಾಲುವಿಗೆ ಒಗಿತೀನಿ ಅಂದಾರ."

ಉಡಚಮ್ಮ ನೆಟ್ಟಗೆ ಹೋಟೆಲಿಗೆ ಹೋದಳು. ಪಂಪಣ್ಣ ಹತ್ತು ಮಂದಿಯ ನಡುವೆ ಚಹಾ ಕುಡಿಯುತ್ತಿದ್ದ.

"ಗೌಡ್ರ, ನಿಮ್ಮ ಡಬ್ಬಿ ಹಮಾಲಿ ಮಾಡಿ ಮಾಡಿ ಸಾಯಾಕತ್ತೈತಿ ನೋಡ್ರಿ. ಮೂವತ್ತೊಂಬತ್ತು ಮಂದಿ ಗಂಟು ಒಂದ ತಲಿ ಮ್ಯಾಲ! ದುರುಗವ್ವನ ಅರ್ಧ ಎಕರೆ ಸುದ್ದೀನೂ ಅದ ಹೊರಬೇಕು."

ಹೋಟೆಲು ಗೊಳ್ಳೆಂದಿತು. ಪಂಪಣ್ಣನ ಚಹಾ ನೆತ್ತಿಗೇರಿತು. ತನ್ನ ಡಬ್ಬಿ ದುರುಗವ್ವನ ಕೂಲಿ ಎಂದು ಆತನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಕೆಮ್ಮುತ್ತಲೇ, "ನಾಳಿಂದ ಬ್ಯಾರೇದವ್ರು ಹೊರ್ಲಿ," ಎಂದ. ಹೊರಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಎಲ್ಲರಿಗೂ ಪಾಳಿಯೇ ಗತಿಯಾಯಿತು.

ಮೂರು ತಿಂಗಳು ಒಂದು ಬ್ಯಾಟರಿಯೂ ಸಾಯಲಿಲ್ಲ. ಸಹನಾ ಮತ್ತೆ ಬಂದಳು, ಮುಖ ಇನ್ನೂ ಸಣ್ಣದಾಗಿತ್ತು. ಬ್ಯಾಟರಿ ಸಾಯದ ಊರಿಗೆ ಬದಲಿಸುವವಳು ಯಾಕೆ ಎಂದು ಕಂಪನಿಯ ಸಾಹೇಬರು ಕೇಳಿದ್ದರು. ಉಡಚಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಡಬ್ಬಿ ಮಲಗಿ ನೌಕರಿ ಉಳಿಸ್ಕೊಂಡ್ವು, ನಾ ಎಚ್ಚರಿದ್ದು ಕಳ್ಕೊಂಡೆ. ಹಚ್ರಿ ಫೋನು ನಿಮ್ಮ ಸಾಹೇಬ್ರಿಗೆ."

ಸಾಹೇಬರು ಸಮಾಧಾನ ಹೇಳಿದರು. ಇದೇ ಪಾಳಿಯನ್ನು ಕಾರಟಗಿ ಕಡೆಯ ಹನ್ನೆರಡು ಊರಿಗೂ ಹಾಕುತ್ತೇವೆ, ನಿಮ್ಮ ಹೆಸರನ್ನು ವರದಿಯಲ್ಲಿ ಬರೆಯುತ್ತೇವೆ ಎಂದರು.

"ಛಲೋ ಆತ್ರಿ," ಎಂದಳು ಉಡಚಮ್ಮ. "ಡಬ್ಬಿಗೆ ನಿಮ್ಮ ಕಂಪ್ಯೂಟರ್ ಹೇಳತೈತಿ. ಆ ಹನ್ನೆರಡು ಊರಿನ ಪಂಪಣ್ಣಗೋಳಿಗೆ ಯಾರು ಹೇಳ್ತಾರ?"

ಅತ್ತ ಕಡೆ ಕ್ಯಾಲೆಂಡರ್ ತಿರುವಿದ ಸದ್ದು ಕೇಳಿಸಿತು. ಆಮೇಲೆ ಸಾಹೇಬರು, ಸೋಮವಾರ ಕಾರಟಗಿಗೆ ಬರಲಾಗುತ್ತದೆಯೇ ಎಂದು ಕೇಳಿದರು.