ಯಾರೂ ಹೇಳದ ಅಳತೆಯನ್ನು ಕಾಯುವಾಕೆ

ಬೆಳಗ್ಗೆ ಆರೂಕಾಲು. ಕಸ ಗುಡಿಸುವವರೂ ಬಂದಿಲ್ಲ, ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ದೀಪ. ಚೌಕಟ್ಟಕ್ಕ ಕಂಪ್ಯೂಟರ್ ಪರದೆಯ ಕಿಟಕಿಯೊಂದರ ಮೂಲೆ ಹಿಡಿದು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಅಕ್ಷರ ದುಪ್ಪಟ್ಟು ಮಾಡುತ್ತಾರೆ. ಯಾವ ಗುಂಡಿಯೂ ಅಂಚಿನಾಚೆ ಜಾರದಿದ್ದರೆ, "ಬದುಕಿದೆಯಾ ಬಡಜೀವವೇ" ಎಂದು ಮುಂದಿನದಕ್ಕೆ ಕೈ. ಒಂಬತ್ತರೊಳಗೆ ಇಂಥ ಮುನ್ನೂರು ಕಿಟಕಿ ಮುಗಿಯಬೇಕು.

ಸಹೋದ್ಯೋಗಿಗಳಿಟ್ಟ ಅಡ್ಡಹೆಸರೇ ಈಗ ಅವರ ಹೆಸರು. ತಂತ್ರಾಂಶದ ಪರದೆಗಳನ್ನು ಜೋಡಿಸುವವರಿಗೆ ಬೇಕಾದ, ಗುಂಡಿ-ಅಕ್ಷರಗಳನ್ನು ಒಳಗಿಟ್ಟುಕೊಳ್ಳುವ ಸಿದ್ಧ ಚೌಕಟ್ಟುಗಳನ್ನು ಅವರ ತಂಡ ಮಾಡಿಕೊಡುತ್ತದೆ. ಚೌಕಟ್ಟಿಗೆ ಯಾರೂ ಅಳತೆ ಹೇಳದಿದ್ದರೆ ಅದು ಎಷ್ಟು ಜಾಗ ಹಿಡಿಯಬೇಕು? ಹನ್ನೊಂದು ವರ್ಷದಿಂದ ಇದೊಂದೇ ಅವರ ತಲೆನೋವು.

"ಅಡುಗೆಗೆ ಮುಂಚೆ ಎಷ್ಟು ಜನ ಅಂತ ಕೇಳಲ್ವಾ? ಹಾಗೇ ಇದು. ಒಳಗಿರೋ ಗುಂಡಿ, ಅಕ್ಷರ ಎಲ್ಲರನ್ನೂ ಕೇಳಿ ಅಷ್ಟು ಜಾಗ ತಗೊಳ್ಳುತ್ತೆ. ಹೆಚ್ಚಿಗೆ ಸಿಕ್ರೆ ಕಾಲು ಚಾಚುತ್ತೆ" ಎಂದು ಅವರೇ ವಿವರಿಸುತ್ತಾರೆ.

ಮೊದಲ ವರ್ಷ ಅವರೇ ಎಡವಿದ್ದರು. ಕೇಳುವ ಗೋಜೇ ಬೇಡವೆಂದು, ತಮ್ಮ ದೊಡ್ಡ ಪರದೆಯಲ್ಲಿ ಚೆಂದ ಕಂಡ ಅಳತೆಯ ಅಂಕಿಯೊಂದನ್ನು ಬರೆದುಬಿಟ್ಟರು. ಅವರ ಅಕ್ಕ ನೀರಿನ ಪಂಪ್‌ಮನೆಯಲ್ಲಿ ಅದೇ ಚೌಕಟ್ಟಿನ ಪರದೆ ನೋಡಿಕೊಳ್ಳುವವರು, ಕಣ್ಣು ಮಂಜು. ಅಕ್ಷರ ದೊಡ್ಡದು ಮಾಡಿದ್ದೇ ತಡ, ಪಂಪಿನ 'ನಿಲ್ಲಿಸು' ಗುಂಡಿ ಅಂಚಿನ ಕೆಳಗೆ ಮಾಯ! ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿಯಿತು.

"ಅಕ್ಕ ಬೈದಳು ನೋಡಿ, ಅಬ್ಬಬ್ಬಾ! ಅವತ್ತು ಬುದ್ಧಿ ಬಂತು."

ಕಳೆದ ತಿಂಗಳು ತಂಡದ ಮುಖ್ಯಸ್ಥರಿಗೆ ಅದೇ ಹಳೇ ಹುಚ್ಚು ಹತ್ತಿತು. ಪ್ರತಿಸಲ ಎಲ್ಲರನ್ನೂ ಕೇಳುವುದರಿಂದ ಕಿಟಕಿ ತೆರೆಯುವುದು ನಿಧಾನ, ಅಂಕಿಯನ್ನೇ ನಿಗದಿ ಮಾಡೋಣ ಎಂದರು. ಹಾಗಾದರೆ ಅಕ್ಕ ಅಕ್ಷರ ಹಿಗ್ಗಿಸುವಂತಿಲ್ಲ. ಪರದೆ ಓದಲಾಗದಿದ್ದರೆ, ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಮನೆಗೆ.

"ಎರಡು ವಾರ ಕೊಡಿ ಸರ್" ಎಂದ ಚೌಕಟ್ಟಕ್ಕ ಅಂದಿನಿಂದ ಕತ್ತಲು ಹರಿಯುವಾಗಲೇ ಹಾಜರು. ಒಮ್ಮೆ ಕೇಳಿದ ಉತ್ತರವನ್ನು ಚೌಕಟ್ಟು ನೆನಪಿಟ್ಟುಕೊಳ್ಳಲಿ, ಒಳಗೆ ಏನಾದರೂ ಬದಲಾದರೆ ಮಾತ್ರ ಮತ್ತೆ ಕೇಳಲಿ ಎಂಬುದು ಅವರು ಕಂಡುಕೊಂಡ ದಾರಿ. ಇಂದು ಕೊನೆಯ ಪರೀಕ್ಷೆ.

ಒಂಬತ್ತಕ್ಕೆ ಮುಖ್ಯಸ್ಥರು ಬಂದು ತಾವೇ ತೆರೆದು ನೋಡುತ್ತಾರೆ. ಕಿಟಕಿ ಚಕ್ಕನೆ ತೆರೆಯುತ್ತದೆ. ಮೂರು ಸಲ ನೋಡಿ ನಗುತ್ತಾರೆ. "ನಿಮ್ಮ ಹಠಾನೇ ಗೆದ್ದಿತು ಬಿಡಿ."

ಹೊಸ ಚೌಕಟ್ಟಿನ ಪ್ರಯೋಗ ಪ್ರತಿ ಆಗಲೇ ಪಂಪ್‌ಮನೆ ತಲುಪಿದೆ. ಮಧ್ಯಾಹ್ನ ಅಕ್ಕನ ಫೋನು. ಚೌಕಟ್ಟಕ್ಕ, "ಅಕ್ಷರ ದೊಡ್ಡದು ಮಾಡಿದ್ಯಾ?" ಎನ್ನುತ್ತಾರೆ.

"ಮಾಡ್ದೆ ಕಣೇ. ಎಲ್ಲಾ ಕಣ್ಣೆದುರೇ ಇದೆ. ಹದಿನೈದು ದಿನ ಅಲ್ಲಿ ಕೂತು ನೀನು ಅದೇನು ಕಡಿದು ಕಟ್ಟೆ ಹಾಕಿದೆಯೋ, ನಂಗಂತೂ ಒಂದೂ ಕಾಣಿಸ್ಲಿಲ್ಲ."

ಚೌಕಟ್ಟಕ್ಕನ ಕಣ್ಣು ತುಂಬಿ ಬರುತ್ತದೆ.

"ಕಾಣಿಸಬಾರದು ಕಣೇ ಅಕ್ಕ" ಎನ್ನುತ್ತಾರೆ, "ಅದಕ್ಕೇ ಸಂಬಳ ನಂಗೆ."