ಮಂಕಾದ ಕೆಂಪು

ನಿಮ್ಮ ಅಜ್ಜ ಕಟ್ಟಡಗಳಿಗೆ ಬಣ್ಣ ಹಚ್ಚುವ ಕೆಲಸದವರು. ಹಳೆಯ ಗೋಡೆ ಉಜ್ಜಿ ಉಜ್ಜಿ ಅವರ ಮೂಗು ಸದಾ ಕಟ್ಟಿರುತ್ತಿತ್ತು. ಆ ಸಲ ನೆಗಡಿ ಹದಿನೈದು ದಿನವಾದರೂ ಬಿಡಲಿಲ್ಲ. ಬಲಗಣ್ಣಿನ ಹಿಂದೆ ನೋವು ಎನ್ನುತ್ತಿದ್ದರು. ಹಬೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಎಡಗಣ್ಣು ಉಜ್ಜಿಕೊಳ್ಳುತ್ತ, ಬಲಗಣ್ಣೊಂದರಿಂದಲೇ ನನ್ನನ್ನು ನೋಡಿದರು. "ಯಾಕ, ನಿನ್ನ ಕುಂಕುಮ ಮಾಸಿದಂಗ ಕಾಣಾಕತ್ತೈತಿ?"

ಬಣ್ಣದ ವಿಷಯದಲ್ಲಿ ಅವರಿಗೆ ಎದುರಾಡಿದವಳಲ್ಲ ನಾನು. ನನ್ನದೇ ತಪ್ಪೆಂದು ನಾಚಿ, ಮತ್ತೆ ದಪ್ಪಗೆ ಹಚ್ಚಿಕೊಂಡೆ. ನಳದ ಹತ್ತಿರ ಪಕ್ಕದ ಮನೆಯಾಕೆ ನಕ್ಕಳು. "ಏನ್ರಿ ಅಕ್ಕಾ, ಹಣೀ ತುಂಬ ಕುಂಕುಮ. ಮೈಮ್ಯಾಲ ದೇವಿ ಬಂದಾಳೇನ?" ನಾನೂ ನಕ್ಕೆ. ಮರುದಿನವೂ ಅಜ್ಜ ಎಡಗಣ್ಣು ಉಜ್ಜಿಕೊಳ್ಳುತ್ತ ಅದನ್ನೇ ಕೇಳಿದರು.

ಆ ಸಂಜೆ ಅವರ ಬಲಗಣ್ಣಿನ ರೆಪ್ಪೆ ಊದಿತ್ತು. ಆಂಟಾಪ್ ಹಿಲ್‌ನ ನಮ್ಮ ಓಣಿಯ ದವಾಖಾನೆಗೆ ಹೋದೆವು. ಎರಡೆರಡು ಕಾಣುತ್ತದೆಯೇ, ಬಣ್ಣ ಮಂಕಾಗಿದೆಯೇ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ಹಾಗಿದ್ದರೆ ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದರು.

"ಕುಛ್ ನಹೀ ಸಾಬ್, ಸರ್ದಿ ಹೈ," ಏನಿಲ್ಲ, ಬರೀ ನೆಗಡಿ ಎಂದುಬಿಟ್ಟರು ಅಜ್ಜ. ಗ್ರಾಂಟ್ ರೋಡಿನ ಲಾಡ್ಜೊಂದರ ಕೆಲಸ ಅರ್ಧಕ್ಕೆ ನಿಂತಿತ್ತು.

ಕುಂಕುಮದ ಮಾತು ನನ್ನ ಗಂಟಲಿಗೆ ಬಂತು. ಗಂಡನ ಮಾತು ತಪ್ಪೆಂದು ಪರಗಂಡಸಿನ ಮುಂದೆ ಹೇಗೆ ಹೇಳುವುದು? ಅವರು ನನ್ನ ಹಣೆ ನೋಡಿದ ಸಂಗತಿಯನ್ನು ಆಡುವುದಾದರೂ ಹೇಗೆ? ಸೆರಗು ಹಿಡಿದು ಸುಮ್ಮನೆ ನಿಂತೆ. ಹಿಂದಿ ಬರುತ್ತಿರಲಿಲ್ಲ ಎಂದು ನಿಮಗೆ ಸುಳ್ಳು ಹೇಳಲಾರೆ. ಅಷ್ಟು ಹೇಳುವ ಹಿಂದಿ ಬರುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟು, ಊತ ಹೆಚ್ಚಾದರೆ ತಡಮಾಡಬೇಡಿ ಎಂದರು.

ಎರಡು ದಿನದಲ್ಲಿ ಕಣ್ಣು ಹೊರಗೆ ಉಬ್ಬಿ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೂಗಿನ ಪಕ್ಕದ ಮೂಳೆಯ ಟೊಳ್ಳಿನಲ್ಲಿ ಕೀವು ತುಂಬಿ, ಕಣ್ಣಿನ ಗೂಡಿಗೆ ಇಳಿದು, ನರವನ್ನು ಒತ್ತಿತ್ತು. ಅಂದೇ ಆಪರೇಷನ್ ಆಯಿತು. ಜೀವ ಉಳಿಯಿತು. ಬಲಗಣ್ಣಿನ ದೃಷ್ಟಿ ಮರಳಲಿಲ್ಲ. ಎರಡು ದಿನ ಮೊದಲು ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಅಲ್ಲಿಯ ಡಾಕ್ಟರು.

ಆಮೇಲೆ ಅಜ್ಜ ಕಟ್ಟಡಕ್ಕೆ ಕಟ್ಟಿದ ಬಿದಿರು ಹತ್ತಲಿಲ್ಲ. ಸಯನ್‌ನ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆದರು. ಊಟಕ್ಕೆ ಕೂತು ಲೋಟಕ್ಕೆ ನೀರು ಹಾಕಿಕೊಂಡರೆ ಅಂದಾಜು ಸಿಗದೆ ಪಕ್ಕಕ್ಕೆ ಚೆಲ್ಲುತ್ತಿತ್ತು.

"ಡಾಕ್ಟರ್‌ಗೆ ಸುಳ್ಳ ಹೇಳಿದವ ನಾನು. ನೀ ಯಾಕ ಮಾರಿ ಸಣ್ಣದ ಮಾಡತಿ? ನಿಂದೇನ ತಪ್ಪೈತಿ?" ಎನ್ನುತ್ತಿದ್ದರು.

ನಾನು ನೀರು ಒರೆಸುತ್ತಿದ್ದೆ. ಹನ್ನೊಂದು ವರ್ಷ ಒರೆಸಿದೆ. ಡಾಕ್ಟರು ಕೇಳಿದ್ದು ನನಗೂ ಅರ್ಥವಾಗಿತ್ತು, ಕುಂಕುಮದ ಮಾತು ನೆನಪಿದ್ದೂ ಆಡಲಿಲ್ಲ ಎಂದು ಅವರಿಗೆ ಹೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು, ನನ್ನದೇನೂ ತಪ್ಪಿಲ್ಲ ಎಂದು ನಂಬಿಕೊಂಡೇ.